ಮಧುಮೇಹದ ಅರಿವು ಮತ್ತು ಭೈಷಜ್ಯದಾನ

ಕರ್ನಾಟಕದ ಜೈನ ಶಾಸನಗಳಲ್ಲಿ ದಾನಿಗಳನ್ನು ಪ್ರಶಂಸಿಸುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಿಗೆ ಹೇಳುವುದು ವಾಡಿಕೆ. ಇವುಗಳಲ್ಲಿ ಭೈಷಜ್ಯದಾನವು ಉಳಿದ ಮೂರನ್ನೂ ತನ್ನೊಳಗೆ ಇರಿಸಿಕೊಂಡಿದೆ ಎನ್ನಬಹುದು. ರೋಗಿಗೆ ಪಥ್ಯವೇ ಆಹಾರ. ಬದುಕುವೆನೆಂಬ ಭರವಸೆಯೇ ಅಭಯ. ರೋಗದ ಸ್ವರೂಪವನ್ನು ತಿಳಿಯಹೇಳುವುದೇ ಶಾಸ್ತ್ರ. ಈ ಕೊನೆಯ ಅಂಶಕ್ಕೆ ಸಲ್ಲಬೇಕಾದ ಗಮನ ಸಲ್ಲುತ್ತಿಲ್ಲ. ಗುಳಿಗೆಯನ್ನು ಕೊಡುವುದು ಸುಲಭ. ಗುಳಿಗೆ ಏಕೆ ಬೇಕೆಂಬ ಅರಿವನ್ನು ಕೊಡುವುದು ಕಷ್ಟ.

ಮಧುಮೇಹದ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ. ಇದರ ಗುರುತು ಕಾಣುವುದು ಮೂತ್ರದಲ್ಲಿ. ಮೂಲವಿರುವುದು ಜಠರದ ಹಿಂಬದಿಯ ಒಂದು ಜೀರ್ಣಗ್ರಂಥಿಯಲ್ಲಿ ಹಾಗೂ ಅದರ ರಸಕ್ಕೆ ಓಗೊಡದ ದೇಹದಲ್ಲಿ. ಹಾನಿ ತಟ್ಟುವುದು ಅನ್ನವನ್ನು ಶಕ್ತಿಯನ್ನಾಗಿ ಮಾರ್ಪಡಿಸುವ ಇಡೀ ಚಯಾಪಚಯ ಕ್ರಿಯೆಗೆ. ಈ ಮೂರರ ಸಂಬಂಧ ತಿಳಿಯಲು ಮನುಷ್ಯನಿಗೆ ಎರಡು ಸಾವಿರ ವರ್ಷಗಳು ಬೇಕಾದವು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಆದುದರಿಂದ ಇದು ಪ್ರತಿಯೊಂದು ಕುಟುಂಬಕ್ಕೂ ಸಂಬಂಧಿಸಿದ ಇತಿಹಾಸ.

ಇರುವೆ ಕೊಟ್ಟ ಸಾಕ್ಷ್ಯ

ಭಾರತದ ಪ್ರಾಚೀನ ವೈದ್ಯರು ಈ ರೋಗವನ್ನು ‘ಪ್ರಮೇಹ’ವೆಂಬ ದೊಡ್ಡ ಗುಂಪಿನಲ್ಲಿ ಸೇರಿಸಿದರು. ಮೂತ್ರದ ಪ್ರಮಾಣ, ಬಣ್ಣ, ಸ್ವರೂಪಗಳನ್ನು ನೋಡಿ ಕಫದಿಂದ 10, ಪಿತ್ತದಿಂದ 6, ವಾತದಿಂದ 4, ಹೀಗೆ ಒಟ್ಟು 20 ಬಗೆಯ ಪ್ರಮೇಹಗಳನ್ನು ಎಣಿಸಿದರು. ಜೇನಿನಂತಹ ಮೂತ್ರ ಹೋಗುವ ಬಗೆಗೆ ಮಧುಮೇಹವೆಂಬ ಹೆಸರು ಬಂದಿತು. ರೋಗಿಯ ದೇಹಕ್ಕೂ ಮೂತ್ರಕ್ಕೂ ಇರುವೆಗಳು ಮುತ್ತುವುದನ್ನು ಚರಕಸಂಹಿತೆಯು ಪ್ರಮೇಹದ ಪೂರ್ವಲಕ್ಷಣಗಳಲ್ಲಿ ಸೇರಿಸಿದೆ. ಯಂತ್ರವಿಲ್ಲದ, ರಾಸಾಯನಿಕವಿಲ್ಲದ ಕಾಲದಲ್ಲಿ ಸಕ್ಕರೆಯ ಇರವನ್ನು ತಿಳಿಯಲು ಇರುವೆಯ ಸಾಕ್ಷ್ಯಕ್ಕಿಂತ ಮಿಗಿಲಾದ ಪರೀಕ್ಷೆ ಇರಲಿಲ್ಲ.

ಕಾರಣಗಳ ವಿಷಯದಲ್ಲಿಯೂ ಅವರ ನೋಟ ಸೂಕ್ಷ್ಮವಾಗಿತ್ತು. ಸುಖವಾಗಿ ಕುಳಿತೇ ಇರುವುದು, ಅತಿಯಾದ ನಿದ್ರೆ, ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ಭಕ್ಷ್ಯಗಳು ಇವನ್ನು ಚರಕನು ಕಾರಣಗಳೆಂದು ಹೆಸರಿಸುತ್ತಾನೆ. ಗಾದಿಯ ಮೇಲೆ ಕುಳಿತು ದಿನವಿಡೀ ವ್ಯವಹಾರ ನಡೆಸುವವರು ಈ ಪಟ್ಟಿಯನ್ನು ಇಂದಿಗೂ ಓದಬಹುದು. ಸುಶ್ರುತನು ಹುಟ್ಟಿನಿಂದ ಬಂದ ಪ್ರಮೇಹ, ಅಪಥ್ಯದಿಂದ ಬಂದ ಪ್ರಮೇಹ ಎಂದು ಎರಡು ವರ್ಗ ಮಾಡುತ್ತಾನೆ. ಮೊದಲನೆಯವನು ಕೃಶನು, ಬಾಯಾರಿಕೆಯಿಂದ ಬಳಲುವವನು. ಎರಡನೆಯವನು ಸ್ಥೂಲನು, ಬಹುಭೋಜಿ, ಹಾಸಿಗೆಯನ್ನು ಬಯಸುವವನು. ಕೃಶನನ್ನು ಪೋಷಿಸಬೇಕು, ಸ್ಥೂಲನ ಕೊಬ್ಬನ್ನು ಇಳಿಸಬೇಕು ಎಂಬುದು ಅಂದಿನ ಚಿಕಿತ್ಸಾಸೂತ್ರ.

ಸುಶ್ರುತನ ಇನ್ನೊಂದು ಮಾತು ಗಮನಾರ್ಹ. ಬಡವನಾದ ಪ್ರಮೇಹಿಯು ಪಾದರಕ್ಷೆಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನವನ್ನುಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗಿ, ಮುನಿಯಂತೆ ಸಂಯಮಿಯಾಗಿ ನೂರು ಯೋಜನ ನಡೆಯಬೇಕೆಂದು ಅವನು ವಿಧಿಸುತ್ತಾನೆ. ಇಲ್ಲವೆ ಬಾವಿ ತೋಡಬೇಕೆನ್ನುತ್ತಾನೆ. ನಡಿಗೆಯೂ ಮಿತಾಹಾರವೂ ಔಷಧವೆಂಬ ಈ ತಿಳಿವಳಿಕೆಯನ್ನು ಇಂದಿನ ವೈದ್ಯರು ಒಪ್ಪುತ್ತಾರೆ. ಬರಿಗಾಲಿನ ಮಾತನ್ನು ಮಾತ್ರ ಒಪ್ಪುವುದಿಲ್ಲ. ಅದರ ಕಾರಣವನ್ನು ಮುಂದೆ ನೋಡಬಹುದು.

ಹೊರಬಾಗಿಲಿನಲ್ಲಿ ನಿಂತ ವಿದ್ಯೆ

ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಕಪ್ಪಡೋಕಿಯದ ಗ್ರೀಕ್ ವೈದ್ಯ ಅರೆಟಿಯಸ್ ಈ ರೋಗವನ್ನು ವರ್ಣಿಸಿ, ಮಾಂಸವೂ ಅಂಗಾಂಗಗಳೂ ಕರಗಿ ಮೂತ್ರವಾಗಿ ಹರಿಯುವಂತೆ ತೋರುತ್ತದೆಂದು ಬರೆದನು. ‘ಡಯಾಬಿಟೀಸ್’ ಎಂಬ ಗ್ರೀಕ್ ಮೂಲದ ಹೆಸರಿಗೆ ಒಳಗಿನಿಂದ ಹರಿದುಹೋಗುವುದು ಎಂಬ ಅರ್ಥವಿದೆ. ಆದರೆ ಮೂತ್ರದ ಸಿಹಿಯನ್ನು ಅವನು ಹೇಳಲಿಲ್ಲ. ಯೂರೋಪಿನಲ್ಲಿ ಆ ಮಾತು ಸ್ಪಷ್ಟವಾಗಿ ಬಂದುದು 17ನೆಯ ಶತಮಾನದಲ್ಲಿ, ಇಂಗ್ಲೆಂಡಿನ ಥಾಮಸ್ ವಿಲ್ಲಿಸನ ಬರಹದಲ್ಲಿ. ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ರೋಗಿಯ ಮೂತ್ರವನ್ನು ಕಾಯಿಸಿ ಬತ್ತಿಸಿದಾಗ ಉಳಿದ ಚರಟ ಸಕ್ಕರೆಯಂತೆ ಕಂಡಿತು, ಸಕ್ಕರೆಯಂತೆಯೇ ರುಚಿಸಿತು. ರೋಗಿಯ ರಕ್ತದ ದ್ರವಭಾಗವೂ ಸಿಹಿಯಾಗಿರುವುದನ್ನು ಅವನು ಕಂಡನು. ದೋಷ ಮೂತ್ರಪಿಂಡದ್ದಲ್ಲ, ಸಿಹಿಯು ರಕ್ತದಲ್ಲಿಯೇ ಇದ್ದು ಅಲ್ಲಿಂದ ಸೋರುತ್ತಿದೆ ಎಂಬ ಅರಿವಿಗೆ ಇದು ಮೊದಲ ಮೆಟ್ಟಿಲು. ಆ ಸಕ್ಕರೆಯು ದ್ರಾಕ್ಷಿಯ ಸಕ್ಕರೆ, ಅಂದರೆ ಗ್ಲೂಕೋಸ್, ಎಂದು 1815ರಲ್ಲಿ ಫ್ರಾನ್ಸಿನ ಶೆವ್ರೆಲ್ ತೋರಿಸಿದನು.

ಮೂತ್ರ ಹೆಚ್ಚಾಗಿ ಹೋದ ಮಾತ್ರಕ್ಕೆ ಮಧುಮೇಹವಲ್ಲ ಎಂಬ ವಿವೇಕವೂ ಈ ಅವಧಿಯಲ್ಲಿ ಬೆಳೆಯಿತು. ಸಿಹಿಯಿಲ್ಲದ ಬಹುಮೂತ್ರ ರೋಗವನ್ನು 18ನೆಯ ಶತಮಾನದಲ್ಲಿ ಬೇರ್ಪಡಿಸಲಾಯಿತು. ಮೂತ್ರನಾಳದ ಸೋಂಕು, ವೃದ್ಧ ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ, ಇವೂ ಪದೇಪದೇ ಮೂತ್ರಕ್ಕೆ ಏಳಿಸುತ್ತವೆ. ಉರಿ, ಜ್ವರ ಇದ್ದರೆ ಸೋಂಕಿನ ಶಂಕೆ. ಧಾರೆ ಸಣ್ಣದಾಗಿ ತಡೆತಡೆದು ಬಂದರೆ ಪ್ರಾಸ್ಟೇಟಿನ ಶಂಕೆ. ಬಾಯಾರಿಕೆ, ಹಸಿವು, ತೂಕದ ಇಳಿತ ಜೊತೆಗಿದ್ದರೆ ಸಕ್ಕರೆಯ ಶಂಕೆ. ನಿರ್ಣಯ ಮಾತ್ರ ಪರೀಕ್ಷೆಯಿಂದಲೇ ಆಗಬೇಕು. ಲಂಡನ್ನಿನ ರಿಚರ್ಡ್ ಬ್ರೈಟ್ 1827ರಲ್ಲಿ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಸೋರುವುದಕ್ಕೂ ಮೂತ್ರಪಿಂಡದ ಬೇನೆಗೂ ಇರುವ ಸಂಬಂಧವನ್ನು ಪ್ರಕಟಿಸಿದನು. ಮೂತ್ರವನ್ನು ಚಮಚದಲ್ಲಿಟ್ಟು ಮೋಂಬತ್ತಿಯ ಮೇಲೆ ಕಾಯಿಸಿ ಅದು ಹೆಪ್ಪುಗಟ್ಟುವುದನ್ನು ನೋಡುವುದೇ ಅಂದಿನ ಪರೀಕ್ಷೆ. ಮಧುಮೇಹಿಯ ಮೂತ್ರಪಿಂಡ ಕೆಡುತ್ತಿರುವುದನ್ನು ಮೊದಲೇ ತಿಳಿಯಲು ಇಂದಿಗೂ ಅಲ್ಬುಮಿನ್ನನ್ನೇ ಅಳೆಯುತ್ತಾರೆ. ಸಾಧನ ಮಾತ್ರ ಬದಲಾಗಿದೆ.

ಕಣಜವೂ ಬೀಗದ ಕೈಯೂ

ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1848ರ ಹೊತ್ತಿಗೆ ಯಕೃತ್ತು ತಾನೇ ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತದೆಂದು ಕಂಡುಕೊಂಡನು. 1857ರಲ್ಲಿ ಅದು ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಎಂಬ ಪಿಷ್ಟವನ್ನು ಬೇರ್ಪಡಿಸಿದನು. ಉಂಡಾಗ ಕಣಜ ತುಂಬುವುದು, ಉಪವಾಸವಿದ್ದಾಗ ಕಣಜದಿಂದ ತೆಗೆದು ಕೊಡುವುದು, ಇದು ಯಕೃತ್ತಿನ ಕೆಲಸ. ರಾತ್ರಿ ಏನನ್ನೂ ಉಣ್ಣದ ಮಧುಮೇಹಿಯ ರಕ್ತದಲ್ಲಿ ಬೆಳಿಗ್ಗೆ ಸಕ್ಕರೆ ಹೆಚ್ಚಿರುವುದೇಕೆ ಎಂದು ಅನೇಕರು ಚಕಿತರಾಗುತ್ತಾರೆ. ಕಣಜದ ಬಾಗಿಲನ್ನು ಮುಚ್ಚುವವರಿಲ್ಲದಿರುವುದೇ ಅದಕ್ಕೆ ಕಾರಣ.

ಬಾಗಿಲು ಮುಚ್ಚುವ ಅಧಿಕಾರ ಯಾರದೆಂಬುದು 1889ರಲ್ಲಿ ತಿಳಿಯಿತು. ಸ್ಟ್ರಾಸ್‌ಬರ್ಗಿನಲ್ಲಿ ಮೆರಿಂಗ್ ಮತ್ತು ಮಿಂಕೋವ್ಸ್ಕಿ ಎಂಬಿಬ್ಬರು, ಕೊಬ್ಬಿನ ಪಚನದಲ್ಲಿ ಮೇದೋಜೀರಕ ಗ್ರಂಥಿಯ ಪಾತ್ರವೇನೆಂದು ವಿಚಾರಿಸುತ್ತ ಒಂದು ನಾಯಿಯ ಆ ಗ್ರಂಥಿಯನ್ನು ತೆಗೆದುಹಾಕಿದರು. ನಾಯಿಗೆ ತೀವ್ರವಾದ ಮಧುಮೇಹ ಬಂದಿತು. ಪಚನಕ್ಕೆ ರಸ ಸುರಿಸುವ ಗ್ರಂಥಿಯೇ ರಕ್ತದ ಸಕ್ಕರೆಯನ್ನೂ ಆಳುತ್ತದೆಂಬುದು ಹೀಗೆ ಸ್ಥಾಪಿತವಾಯಿತು. ಆ ಗ್ರಂಥಿಯಲ್ಲಿ ದ್ವೀಪಗಳಂತೆ ಚದುರಿದ ಕಣಗಳ ಗುಂಪುಗಳನ್ನು ಬರ್ಲಿನ್ನಿನ ಪಾಲ್ ಲ್ಯಾಂಗರ್‌ಹಾನ್ಸ್ 1869ರಲ್ಲಿಯೇ ವರ್ಣಿಸಿದ್ದನು. ಅವುಗಳ ಕೆಲಸ ಮಾತ್ರ ತಿಳಿದಿರಲಿಲ್ಲ. ಇನ್ಸುಲಿನ್ ಹುಟ್ಟುವುದು ಅಲ್ಲಿ. ರಕ್ತದ ಸಕ್ಕರೆಯನ್ನು ಜೀವಕೋಶಗಳೊಳಕ್ಕೆ ಬಿಡುವ ಬೀಗದ ಕೈಯೂ ಅದೇ, ಯಕೃತ್ತಿನ ಕಣಜವನ್ನು ಮುಚ್ಚುವ ಕೈಯೂ ಅದೇ. ಆ ಕೈ ಇಲ್ಲವಾದರೆ ಒಂದು ಬಗೆಯ ಮಧುಮೇಹ. ಕೈ ಇದ್ದರೂ ಬೀಗ ತುಕ್ಕುಹಿಡಿದು ತಿರುಗದಿದ್ದರೆ ಇನ್ನೊಂದು ಬಗೆ. 1936ರಲ್ಲಿ ಇಂಗ್ಲೆಂಡಿನ ಹಿಮ್ಸ್‌ವರ್ತ್ ಈ ಎರಡು ಬಗೆಗಳನ್ನು ಪ್ರಯೋಗದಿಂದ ಬೇರ್ಪಡಿಸಿದಾಗ, ಕೃಶ ಮತ್ತು ಸ್ಥೂಲ ಎಂಬ ಪ್ರಾಚೀನ ವಿಂಗಡಣೆಗೆ ಹೊಸ ಆಧಾರ ದೊರೆತಂತಾಯಿತು.

ಒಂದು ಡಾಲರಿನ ಕ್ರಯ

ಕಾರಣ ತಿಳಿದರೂ ಮದ್ದು ದೊರೆಯಲು ಮತ್ತೆ 33 ವರ್ಷಗಳು ಹಿಡಿದವು. ಆ ನಡುವೆ ಅಮೆರಿಕದ ಫ್ರೆಡರಿಕ್ ಆಲೆನ್ ಮೊದಲಾದವರು ರೋಗಿಗಳಿಗೆ ದಿನಕ್ಕೆ ಕೆಲವು ನೂರು ಕ್ಯಾಲೊರಿಗಳಷ್ಟೇ ಆಹಾರ ಕೊಟ್ಟು ಆಯುಸ್ಸನ್ನು ಎಳೆಯುತ್ತಿದ್ದರು. ರೋಗದಿಂದ ಇಂದು ಸಾಯುವ ಮಗು ಹಸಿವಿನಿಂದ ಎರಡು ವರ್ಷ ತಡೆದು ಸಾಯುತ್ತಿತ್ತು. ಇದಕ್ಕಿಂತ ಉತ್ತಮವಾದುದನ್ನು ಕೊಡಲು ಆ ವೈದ್ಯರ ಬಳಿ ಏನೂ ಇರಲಿಲ್ಲ.

1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಮೆಕ್ಲಿಯಾಡರ ಪ್ರಯೋಗಶಾಲೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ನಡೆಸಿ ಗ್ರಂಥಿಯ ಸಾರವನ್ನು ತೆಗೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಅದನ್ನು ಚುಚ್ಚಿದರು. ಅಂದು ಅವನ ತೂಕ ಸುಮಾರು 30 ಕಿಲೋ. ಸಾರ ಅಶುದ್ಧವಾಗಿದ್ದುದರಿಂದ ಪ್ರಯೋಜನ ಅಲ್ಪವಾಯಿತು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ ಜನವರಿ 23ರಂದು ಕೊಟ್ಟ ಮದ್ದು ಫಲಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಟೊರಾಂಟೊಗೆ ಬಂದ ಎಲಿಜಬೆತ್ ಹ್ಯೂಸ್ ಎಂಬ ಬಾಲಿಕೆ 15ನೆಯ ವಯಸ್ಸಿಗೆ ಸುಮಾರು 20 ಕಿಲೋ ತೂಗುತ್ತಿದ್ದಳು. ಇನ್ಸುಲಿನ್ ಪಡೆದು ಅವಳು ಬೆಳೆದು, ಗೃಹಿಣಿಯಾಗಿ, ತಾಯಿಯಾಗಿ 1981ರವರೆಗೆ ಬದುಕಿದಳು.

ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕಾದುದು ಮುಂದಿನ ಸಂಗತಿ. ಈ ಮದ್ದಿನ ಹಕ್ಕುಪತ್ರವು ಅದನ್ನು ಕಂಡುಹಿಡಿದವರ ಕೈಯಲ್ಲಿತ್ತು. ಜಗತ್ತಿನ ಪ್ರತಿಯೊಬ್ಬ ರೋಗಿಯೂ ಜೀವವಿರುವವರೆಗೆ ಕೊಳ್ಳಲೇಬೇಕಾದ ಸರಕು ಅದು. ಅಂತಹ ಸರಕಿನ ಏಕಸ್ವಾಮ್ಯದ ಬೆಲೆಯನ್ನು ಯಾವ ಲೆಕ್ಕಿಗನೂ ಊಹಿಸಬಲ್ಲನು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ 1923ರ ಜನವರಿಯಲ್ಲಿ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. ಮದ್ದಿನ ಗುಣಮಟ್ಟ ಕೆಡದಿರಲಿ, ಯಾರೊಬ್ಬರೂ ಅದನ್ನು ಒತ್ತೆಯಿಟ್ಟುಕೊಳ್ಳದಿರಲಿ ಎಂಬುದು ಉದ್ದೇಶವಾಗಿತ್ತು. ಅದೇ ವರ್ಷ ನೊಬೆಲ್ ಪಾರಿತೋಷಕ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡರಿಗೆ ಬಂದಾಗ, ಬ್ಯಾಂಟಿಂಗ್ ತನ್ನ ಹಣದಲ್ಲಿ ಅರ್ಧವನ್ನು ಬೆಸ್ಟನಿಗೂ ಮೆಕ್ಲಿಯಾಡ್ ತನ್ನದರಲ್ಲಿ ಅರ್ಧವನ್ನು ಕಾಲಿಪನಿಗೂ ಹಂಚಿದರು. ಭೈಷಜ್ಯದಾನವೆಂಬ ಪದವನ್ನು ಅವರು ಕೇಳಿರಲಾರರು. ಮಾಡಿದ ಕಾರ್ಯ ಮಾತ್ರ ಅದೇ.

ಉಗ್ರಾದಿತ್ಯನ ಪ್ರಶ್ನೆ

ಆದರೆ ಈ ಖಾತೆಗೆ ಇನ್ನೊಂದು ಪುಟವಿದೆ. ಅಂದಿನ ಇನ್ಸುಲಿನ್ ಬರುತ್ತಿದ್ದುದು ಕಸಾಯಿಖಾನೆಯ ದನ ಮತ್ತು ಹಂದಿಗಳ ಗ್ರಂಥಿಗಳಿಂದ. ಸುಮಾರು ಎಂಟು ಔನ್ಸ್ ಶುದ್ಧ ಇನ್ಸುಲಿನ್ನಿಗೆ ಎರಡು ಟನ್ನಿನಷ್ಟು ಹಂದಿಯ ಅಂಗಗಳು ಬೇಕಾಗುತ್ತಿದ್ದವು. ಅದಕ್ಕೂ ಮುಂಚೆ ಪ್ರಯೋಗಶಾಲೆಗಳಲ್ಲಿ ಸತ್ತ ನಾಯಿಗಳ ಲೆಕ್ಕ ಬೇರೆ. ಅಹಿಂಸಾವ್ರತಿಯಾದ ಕುಟುಂಬದಲ್ಲಿ ಒಂದು ಮಗುವಿಗೆ ಈ ಮದ್ದು ಬೇಕಾದಾಗ ಏನು ಮಾಡಬೇಕಾಗಿತ್ತು?

ಪ್ರಶ್ನೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಜೈನಾಚಾರ್ಯ ಉಗ್ರಾದಿತ್ಯನು ಔಷಧದಲ್ಲಿಯೂ ಮಾಂಸವು ಅನವಶ್ಯಕವೆಂದು ವಿದ್ವಾಂಸರ ಮುಂದೆ ವಾದಿಸಿದನು. ಅವನ ಸಂಸ್ಕೃತ ವೈದ್ಯಗ್ರಂಥ ‘ಕಲ್ಯಾಣಕಾರಕ’ದ ಹಿತಾಹಿತ ಅಧ್ಯಾಯದಲ್ಲಿ ಆ ವಾದವಿದೆ. ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಪ್ರಕಟವಾಯಿತು. ಉಗ್ರಾದಿತ್ಯನ ನಿಲುವಿನ ವೈಶಿಷ್ಟ್ಯವೆಂದರೆ, ಅವನು ನಿಷೇಧವನ್ನಷ್ಟೇ ಹೇಳಿ ರೋಗಿಯನ್ನು ಕೈಬಿಡಲಿಲ್ಲ. ಹಿಂಸೆಯಿಲ್ಲದ ಔಷಧಗಳ ಇಡೀ ಶಾಸ್ತ್ರವೊಂದನ್ನು ರಚಿಸಿಕೊಟ್ಟನು.

1922ರಿಂದ 60 ವರ್ಷಗಳ ಕಾಲ ಇನ್ಸುಲಿನ್ನಿಗೆ ಅಂತಹ ಬದಲಿ ಇರಲಿಲ್ಲ. ಪ್ರಾಣಿಯನ್ನು ಕೊಂದುದು ಗ್ರಂಥಿಗಾಗಿ ಅಲ್ಲ, ಮಾಂಸಕ್ಕಾಗಿ. ಆದುದರಿಂದ ರೋಗಿಯಲ್ಲಿ ಸಂಕಲ್ಪಹಿಂಸೆಯಿಲ್ಲ ಎಂದು ಒಂದು ಸಮಾಧಾನ ಹೇಳಬಹುದು. ವಧೆಯ ಫಲವನ್ನು ಕೊಳ್ಳುವವನು ವಧೆಯಿಂದ ಪೂರ್ತಿ ದೂರನಲ್ಲ ಎಂದು ಮರುಮಾತನ್ನೂ ಹೇಳಬಹುದು. ಎರಡರಲ್ಲಿಯೂ ಸತ್ಯಾಂಶವಿದೆ. ಮಗುವನ್ನು ಉಳಿಸಿಕೊಂಡ ತಂದೆತಾಯಿಗಳನ್ನು ದೂಷಿಸುವ ಅಧಿಕಾರವಂತೂ ಯಾರಿಗೂ ಇಲ್ಲ.

ಈ ಸಂಕಟ ಪರಿಹಾರವಾದುದು ವಾದದಿಂದಲ್ಲ, ವಿದ್ಯೆಯಿಂದ. ಇನ್ಸುಲಿನ್ 51 ಅಮೈನೋ ಆಮ್ಲಗಳ ಮಾಲೆಯೆಂಬುದನ್ನೂ ಅವುಗಳ ಅನುಕ್ರಮವನ್ನೂ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ 1955ರ ವೇಳೆಗೆ ಪೂರ್ಣವಾಗಿ ಬಿಡಿಸಿದನು. ಹಂದಿಯ ಇನ್ಸುಲಿನ್ ಮನುಷ್ಯನದಕ್ಕಿಂತ ಒಂದು ಮಣಿಯಲ್ಲಿ, ದನದ್ದು ಮೂರು ಮಣಿಗಳಲ್ಲಿ ಭಿನ್ನ. 1978ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ತಳಿಸೂಚನೆಯನ್ನು ಬ್ಯಾಕ್ಟೀರಿಯಾದೊಳಗಿಟ್ಟು ಅದನ್ನು ತಯಾರಿಸಿದರು; 1982ರಲ್ಲಿ ಅಮೆರಿಕ ಸರ್ಕಾರ ಅದರ ಮಾರಾಟಕ್ಕೆ ಅನುಮತಿ ನೀಡಿತು. ಇಂದು ಬಳಕೆಯಲ್ಲಿರುವ ಇನ್ಸುಲಿನ್ನಿನಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಅಥವಾ ಯೀಸ್ಟಿನಿಂದ ಸಿದ್ಧವಾದುದು. ಗೃಹಸ್ಥನ ಅಹಿಂಸಾಣುವ್ರತವು ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು ತ್ಯಜಿಸುವಂಥದು. ಅದಕ್ಕೆ ಇದರಿಂದ ಬಾಧೆಯಿಲ್ಲ. ಇನ್ಸುಲಿನ್ನಿನಲ್ಲಿ ಪ್ರಾಣಿಯ ಅಂಶವಿದೆಯೆಂದು ಕೇಳಿ ಇಂದಿಗೂ ಹಿಂಜರಿಯುವ ಹಿರಿಯರಿದ್ದರೆ, ಅವರಿಗೆ ಈ ಇತಿಹಾಸವನ್ನು ತಿಳಿಸುವುದು ಮನೆಯವರ ಕರ್ತವ್ಯ. ಸಂದೇಹವಿದ್ದರೆ ಸೀಸೆಯ ಮೇಲಿನ ಬರಹವನ್ನು ಔಷಧಾಲಯದವರಿಂದ ಓದಿಸಿಕೊಳ್ಳಬಹುದು.

ವ್ರತ, ಯಾತ್ರೆ, ಅರಿವು

ರೋಗದ ಸ್ವರೂಪವನ್ನು ತಿಳಿಯುವುದರ ಪ್ರಯೋಜನ ಆಚರಣೆಯಲ್ಲಿ ಕಾಣಬೇಕು. ಮೊದಲನೆಯದು ಉಪವಾಸ. ಇನ್ಸುಲಿನ್ ಅಥವಾ ಕೆಲವು ಗುಳಿಗೆಗಳನ್ನು ತೆಗೆದುಕೊಳ್ಳುವವರು ಉಣ್ಣದಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ಮಾತಿನ ತೊದಲು, ಮಂಕು ಇವು ಅದರ ಲಕ್ಷಣಗಳು. ಹಾಗೆಂದು ಇನ್ಸುಲಿನ್ನನ್ನು ತಾವಾಗಿ ನಿಲ್ಲಿಸುವುದೂ ಪ್ರಾಣಾಪಾಯಕರ; ಕೃಶರಲ್ಲಿ, ಮಕ್ಕಳಲ್ಲಿ ಬರುವ ಬಗೆಯಲ್ಲಂತೂ ಉಪವಾಸದ ದಿನವೂ ಅದು ಬೇಕೇಬೇಕು. ದಶಲಕ್ಷಣ ಪರ್ವಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಪ್ರಮಾಣವನ್ನು ನಿರ್ಧರಿಸಿಕೊಳ್ಳಬೇಕು. ಸೂರ್ಯಾಸ್ತಕ್ಕೆ ಮೊದಲೇ ಉಂಡು ಬೆಳಗಿನವರೆಗೆ ಏನನ್ನೂ ಮುಟ್ಟದವರು ಆ ಸಂಗತಿಯನ್ನು ವೈದ್ಯರಿಗೆ ಹೇಳದಿದ್ದರೆ, ರಾತ್ರಿ ಎಂಟಕ್ಕೆ ಊಟವೆಂದು ಎಣಿಸಿ ಬರೆದ ಮದ್ದು ನಡುರಾತ್ರಿಯಲ್ಲಿ ಅಪಾಯ ತರಬಹುದು. ಔಷಧ ಮತ್ತು ನೀರಿಗೆ ವಿನಾಯಿತಿಯಿಟ್ಟುಕೊಂಡು ವ್ರತ ಹಿಡಿಯುವ ಶ್ರಾವಕರು ಬಹಳ. ಸಕ್ಕರೆ ಇಳಿದಾಗ ಕೊಡುವ ಒಂದು ಚಮಚ ಗ್ಲೂಕೋಸ್ ಭೋಜನವಲ್ಲ, ಔಷಧ. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೆಂದರೆ ಶಕ್ತಿಗೆ ತಕ್ಕ ತಪಸ್ಸು. ಶಕ್ತಿಯನ್ನು ಮರೆಮಾಚಬಾರದು, ಮೀರಲೂ ಬಾರದು.

ಎರಡನೆಯದು ಬರಿಗಾಲಿನ ಯಾತ್ರೆ. ಬಹುಕಾಲದ ಮಧುಮೇಹದಿಂದ ಪಾದದ ನರಗಳು ಜಡವಾಗುತ್ತವೆ. ಸುಟ್ಟರೂ ಚುಚ್ಚಿದರೂ ತಿಳಿಯುವುದಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಸುಡುಬಿಸಿಲಿನಲ್ಲಿ ಹತ್ತಿಳಿದ ಅಂತಹ ಯಾತ್ರಿಕನಿಗೆ ಬೊಕ್ಕೆಯೆದ್ದುದು ಮನೆಗೆ ಬಂದ ಮೇಲೆ ಕಾಣುತ್ತದೆ. ವಾಸಿಯಾಗದ ಹುಣ್ಣು ಕೊನೆಗೆ ಪಾದವನ್ನೇ ಕಳೆಯಬಹುದು. ಸುಶ್ರುತನ ಬರಿಗಾಲಿನ ವಿಧಿಯನ್ನು ಇಂದಿನವರು ಒಪ್ಪದಿರುವುದು ಇದಕ್ಕಾಗಿಯೇ. ಮುಂಜಾನೆಯ ತಂಪಿನಲ್ಲಿ ಹತ್ತುವುದು, ದಪ್ಪ ಹತ್ತಿಯ ಕಾಲುಚೀಲ ಧರಿಸುವುದು, ಇಳಿದ ಬಳಿಕ ಅಂಗಾಲನ್ನು ಇನ್ನೊಬ್ಬರಿಂದ ನೋಡಿಸಿಕೊಳ್ಳುವುದು, ಇಷ್ಟರಿಂದ ಭಕ್ತಿಗೆ ಕೊರತೆಯಾಗದು.

ಬಸದಿಗಳ ವಿಶ್ವಸ್ತ ಮಂಡಳಿಗಳು ಪರ್ವಕಾಲದಲ್ಲಿ ಒಂದು ದಿನ ರಕ್ತದ ಸಕ್ಕರೆ, ಮೂತ್ರದ ಅಲ್ಬುಮಿನ್, ಪಾದ, ಕಣ್ಣು ಈ ನಾಲ್ಕರ ತಪಾಸಣೆಗೆ ಏರ್ಪಾಡು ಮಾಡಿ, ಫಲಿತಾಂಶದ ಅರ್ಥವನ್ನು ಕನ್ನಡದಲ್ಲಿ ತಿಳಿಸಿಕೊಡಬಹುದು. ಭೋಜನಶಾಲೆಯ ಕಪಾಟಿನಲ್ಲಿ ಒಂದು ಡಬ್ಬಿ ಗ್ಲೂಕೋಸ್ ಇರಿಸುವುದಕ್ಕೆ ಖರ್ಚು ಅತ್ಯಲ್ಪ. ಮೂವರು ಸಂಶೋಧಕರು ತಲಾ ಒಂದು ಡಾಲರ್ ಪಡೆದು ಬಿಟ್ಟುಕೊಟ್ಟ ಮದ್ದಿನಿಂದ ಇಂದು ಪ್ರತಿಯೊಂದು ಊರಿನಲ್ಲಿಯೂ ಯಾರಾದರೂ ಬದುಕಿದ್ದಾರೆ. ಆ ಋಣದ ಬಾಬತ್ತಿಗೆ ಇಷ್ಟನ್ನಾದರೂ ಜಮೆ ಮಾಡುವುದು ನ್ಯಾಯ.